ಬಾಯಲ್ಲೇ ತೊಟ್ಟಿಲು ಕಟ್ಟುವ ಹಳದಿ ಮೀನು

ಕಳೆದ ತಿಂಗಳು ಒಂದು ರಾತ್ರಿ ಹತ್ತು ಗಂಟೆಗೆ ಕೆಳಗಿನ ಮಹಡಿಯ ಶೆಟ್ಟರು ಬಂದು ಬಾಗಿಲು ತಟ್ಟಿದರು. ಮುಲುಂಡಿನ ನಮ್ಮ ಕಟ್ಟಡದಲ್ಲಿ ಅಷ್ಟು ಹೊತ್ತಿಗೆ ಯಾರಾದರೂ ಬಾಗಿಲು ತಟ್ಟಿದರೆ ಲಿಫ್ಟ್ ಕೆಟ್ಟಿದೆ ಎಂದೋ ನಾಳೆ ನೀರು ಬರುವುದಿಲ್ಲ ಎಂದೋ ತಿಳಿಯಬೇಕು. ಶೆಟ್ಟರ ಕೈಯಲ್ಲಿ ಮಾತ್ರ ನೀಲಿ ಔಷಧದ ಸಣ್ಣ ಬಾಟಲಿಯಿತ್ತು. “ಒಂದು ನಿಮಿಷ ಬಂದು ನೋಡಿ ಮಾರಾಯರೇ, ಮೀನಿಗೆ ಗಂಟಲು ಬಾತಿದೆ. ಹತ್ತು ದಿನವಾಯಿತು, ಒಂದು ಕಾಳು ಮುಟ್ಟಿಲ್ಲ. ಇದನ್ನು ಎಷ್ಟು ಹನಿ ಹಾಕಲಿ?”

ಅವರ ಮನೆಯ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ, ಮೊಮ್ಮಗಳ ಹಟಕ್ಕೆ ಮಣಿದು ಕ್ರಾಫರ್ಡ್ ಮಾರ್ಕೆಟಿನಿಂದ ತಂದ ಎಂಟು ಹಳದಿ ಮೀನುಗಳಿದ್ದವು. ಏಳು ಓಡಾಡಿಕೊಂಡಿದ್ದವು. ಎಂಟನೆಯದು ಮೂಲೆಯ ಕಲ್ಲಿನ ಸಂದಿಯಲ್ಲಿ ತಲೆಯನ್ನು ತುಸು ಮೇಲೆತ್ತಿ ನಿಂತಿತ್ತು. ಕೆಳದವಡೆ ಚೀಲದಂತೆ ಇಳಿಬಿದ್ದಿತ್ತು. ಆಗಾಗ ಬಾಯೊಳಗೆ ಏನನ್ನೋ ಹೊರಳಿಸುತ್ತಿತ್ತು, ಎಲೆಯಡಿಕೆ ಜಗಿಯುವ ಅಜ್ಜಿಯಂತೆ. ಮೊಬೈಲಿನ ಟಾರ್ಚನ್ನು ಕೆಳಗಿನಿಂದ ಓರೆಯಾಗಿ ಹಿಡಿದೆ. ಗಂಟಲಿನ ತೆಳುಚರ್ಮದ ಹಿಂದೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡವು, ಎರಡೆರಡಾಗಿ. ಅವು ಕಣ್ಣುಗಳು.

“ಔಷಧ ಒಳಗಿಡಿ ಶೆಟ್ಟರೇ. ಇದು ಬಸುರಿಯೋ ಬಾಣಂತಿಯೋ ಹೇಳುವುದು ಕಷ್ಟ. ಅಂತೂ ಕಾಯಿಲೆಯಲ್ಲ.”

ಈ ಹಳದಿ ಮೀನು ಈಗ ಮುಂಬಯಿಯಲ್ಲಿ ಎಲ್ಲೆಲ್ಲೂ ಕಾಣುತ್ತದೆ. ದಂತವೈದ್ಯರ ಕೋಣೆಯಲ್ಲಿ, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ನಮ್ಮವರ ಮನೆಗಳ ಟಿವಿಯ ಬದಿಯಲ್ಲಿ. ಅಂಗಡಿಯವನು “ಆಫ್ರಿಕನ್” ಎಂದಷ್ಟೇ ಹೇಳಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಡುತ್ತಾನೆ. ಮನೆಗೆ ತಂದ ಮೇಲೆ ಕೇಳುವ ಪ್ರಶ್ನೆಗಳು ಎಲ್ಲರವೂ ಹೆಚ್ಚುಕಡಿಮೆ ಒಂದೇ. ಇವು ಒಂದನ್ನೊಂದು ಏಕೆ ಅಟ್ಟಿಸಿಕೊಂಡು ಹೋಗುತ್ತವೆ, ಮರಳನ್ನೇಕೆ ಅಗೆಯುತ್ತವೆ, ಊಟ ಬಿಟ್ಟು ಏಕೆ ಕೂರುತ್ತವೆ? ಇವಕ್ಕೆಲ್ಲ ಉತ್ತರ ತೊಟ್ಟಿಯಲ್ಲಿಲ್ಲ, ಅವುಗಳ ಪೂರ್ವಜರು ಹುಟ್ಟಿಬಂದ ಸರೋವರದ ಕಲ್ಲುಬಂಡೆಗಳಲ್ಲಿದೆ.

ಸಿಕ್ಲಿಡ್ ಎಂಬ ಕುಟುಂಬ

ಅಂಗಡಿಯಲ್ಲಿ ಎಲೆಕ್ಟ್ರಿಕ್ ಯೆಲ್ಲೊ ಅಥವಾ ಯೆಲ್ಲೊ ಲ್ಯಾಬ್ ಎಂದು ಕರೆಸಿಕೊಳ್ಳುವ ಈ ಮೀನು ಸಿಕ್ಲಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಕುಟುಂಬದ ಹೆಸರು ಹೊಸದೆನಿಸಬಹುದು, ಸದಸ್ಯರು ಹೊಸಬರಲ್ಲ. ಅಕ್ವೇರಿಯಂನ ಏಂಜೆಲ್, ಆಸ್ಕರ್, ಅದೃಷ್ಟ ತರುತ್ತದೆಂದು ಜನ ದುಬಾರಿ ಬೆಲೆ ಕೊಟ್ಟು ಒಯ್ಯುವ ಹಣೆಯುಬ್ಬಿದ ಫ್ಲವರ್‌ಹಾರ್ನ್, ಎಲ್ಲವೂ ಸಿಕ್ಲಿಡ್‌ಗಳೇ. ಕರ್ನಾಟಕದ ಕೆರೆಗಳಲ್ಲಿ ಜಿಲೇಬಿ ಮೀನು ಎನಿಸಿಕೊಂಡ ತಿಲಾಪಿಯಾ ಕೂಡ ಈ ಕುಟುಂಬದ್ದೇ. ಆಫ್ರಿಕಾ ಮೂಲದ ಅದು 1952ರಲ್ಲಿ ಭಾರತಕ್ಕೆ ಬಂದು, ಹೋದ ಕೆರೆಯಲ್ಲೆಲ್ಲ ಬೇರುಬಿಟ್ಟಿತು.

ನಮ್ಮದೇ ಸಿಕ್ಲಿಡ್‌ಗಳೂ ಇವೆ. ಕೇರಳದ ಕರಿಮೀನು, ಗೋವಾದ ಕಳುಂದರ್ ಎರಡೂ ಒಂದೇ ಜಾತಿ. ಅದರ ಹತ್ತಿರದ ಬಂಧು ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ಕರಾವಳಿಯ ಕುಮಾರಧಾರಾ, ನೇತ್ರಾವತಿಗಳ ಕಡೆ ಬಿಟ್ಟರೆ ಬೇರೆಲ್ಲೂ ಇಲ್ಲ. ಹೆಸರಿನಲ್ಲಿರುವ ಕೆನರಾ ನಮ್ಮ ಕನ್ನಡ ಜಿಲ್ಲೆಯೇ. 1877ರಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇದನ್ನು ವಿವರಿಸಿದ. ಈಗ ಇದು ಅಳಿವಿನಂಚಿನ ಮೀನು. ಶೆಟ್ಟರ ಊರಿನ ಹೊಳೆಯಲ್ಲೇ ಸಿಕ್ಲಿಡ್ ಇದ್ದಿರಬಹುದು ಎಂದಾಗ ಅವರು ನನ್ನನ್ನು ನಂಬಲಿಲ್ಲ.

ಈ ಕುಟುಂಬದ ಗುಟ್ಟು ಗಂಟಲಿನಲ್ಲಿದೆ. ಬಾಯಿಯ ದವಡೆಯಲ್ಲದೆ ಗಂಟಲಿನೊಳಗೆ ಹಲ್ಲಿರುವ ಎರಡನೆಯ ದವಡೆಯೂ ಇದೆ. ಬೇರೆ ಅನೇಕ ಮೀನುಗಳಿಗೂ ಇಂಥದ್ದು ಇದೆಯಾದರೂ ಸಿಕ್ಲಿಡ್‌ಗಳಲ್ಲಿ ಇದು ಬಲು ಗಟ್ಟಿ. ಮುಂದಿನ ಬಾಯಿ ಕೈಯಂತೆ ಹಿಡಿದು ತರುತ್ತದೆ, ಹಿಂದಿನದು ಒರಳಿನಂತೆ ಅರೆಯುತ್ತದೆ. ಅರೆಯುವ ಹೊಣೆಯಿಂದ ಬಿಡುಗಡೆಯಾದ ಮುಂದಿನ ಬಾಯಿ ಬೇಕಾದ ಆಕಾರ ತಾಳಬಹುದು: ಪಾಚಿ ಕೆರೆಯಲು ಒಂದು ಬಗೆ, ಹುಳು ಹೆಕ್ಕಲು ಇನ್ನೊಂದು, ಬೇರೆ ಮೀನಿನ ಮೈಯ ಹುರುಪೆ ಕೀಳಲು ಮತ್ತೊಂದು. ಸಿಕ್ಲಿಡ್‌ಗಳು ಇಷ್ಟೊಂದು ಬಗೆಯಾಗಿ ಬೆಳೆದದ್ದಕ್ಕೆ ಇದೇ ಕೀಲಿಕೈ ಎಂಬ ವಾದವನ್ನು 1973ರಲ್ಲಿ ಜೀವವಿಜ್ಞಾನಿ ಕರೆಲ್ ಲಿಯೆಮ್ ಮಂಡಿಸಿದರು.

ಒಂದೇ ಸರೋವರ, ನೂರಾರು ಜಾತಿ

ಪೂರ್ವ ಆಫ್ರಿಕಾದ ನೆಲ ಸೀಳುತ್ತಾ ಬಂದ ಕಡೆ ಉದ್ದುದ್ದ ಕಂದರಗಳಾದವು, ಕೆಲವಲ್ಲಿ ನೀರು ತುಂಬಿತು. ಹಾಗಾದವುಗಳಲ್ಲಿ ಮಲಾವಿ ಸರೋವರ ಒಂದು. ಉದ್ದ 560 ಕಿಲೋಮೀಟರಿಗೂ ಮೇಲೆ. ಮುಂಬಯಿಯಿಂದ ಗೋವಾಕ್ಕೆ ರಸ್ತೆಯಲ್ಲಿ ಹೊರಟರೆ ಹೆಚ್ಚುಕಡಿಮೆ ಅಷ್ಟೇ ದೂರ. ಅತ್ಯಂತ ಅಗಲವಿರುವಲ್ಲಿ 75 ಕಿಲೋಮೀಟರ್, ಅತ್ಯಂತ ಆಳವಿರುವಲ್ಲಿ ಸುಮಾರು 700 ಮೀಟರ್. ಆದರೆ ಮೀನು ಬದುಕುವುದು ಮೇಲಿನ ಇನ್ನೂರು ಮೀಟರ್ ಚಿಲ್ಲರೆಯಲ್ಲಿ ಮಾತ್ರ. ಅದಕ್ಕೂ ಕೆಳಗಿನ ನೀರು ಮೇಲಿನದರೊಡನೆ ಬೆರೆಯುವುದಿಲ್ಲ, ಅಲ್ಲಿ ಆಮ್ಲಜನಕವಿಲ್ಲ. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ಮೂರೂ ದೇಶಗಳು ಇದರ ದಡದಲ್ಲಿವೆ. ತಾಂಜಾನಿಯಾದವರಿಗೆ ಇದು ನ್ಯಾಸಾ, ಮೊಜಾಂಬಿಕಿನವರಿಗೆ ನಿಯಾಸಾ.

ಈ ಒಂದೇ ನೀರಿನಲ್ಲಿ ಎಂಟುನೂರಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್‌ಗಳಿವೆ ಎಂದು ಅಂದಾಜು. ಹೆಚ್ಚುಕಡಿಮೆ ಎಲ್ಲವೂ ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ನದಿಯಿಂದ ಬಂದ ಕೆಲವೇ ಪೂರ್ವಜರಿಂದ ಇಷ್ಟು ಕವಲೊಡೆದದ್ದು ಹೇಗೆ?

ನಮ್ಮ ಕರಾವಳಿಯನ್ನು ನೆನೆಯಿರಿ. ಸೇತುವೆಗಳಿಲ್ಲದ ಕಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಒಂದೊಂದೂ ಒಂದೊಂದು ಗಡಿ. ಹೊಳೆ ದಾಟಿದರೆ ಮಾತಿನ ಧಾಟಿ ಬದಲಾಗುತ್ತಿತ್ತು, ಮೀನುಸಾರಿನ ಮಸಾಲೆಯೂ ಬದಲಾಗುತ್ತಿತ್ತು. ಕುಂದಾಪುರದವರ ಕನ್ನಡ ಬೇರೆ, ಅಂಕೋಲೆಯವರದು ಬೇರೆ. ಮಲಾವಿಯ ದಡದಲ್ಲಿ ಬಂಡೆರಾಶಿಗಳು ಊರುಗಳಿದ್ದಂತೆ, ನಡುವೆ ಹಬ್ಬಿದ ಮರಳು ಹೊಳೆಯಂತೆ. ಬಂಡೆಯ ಸಂದಿಯಲ್ಲಿ ಹುಟ್ಟಿ ಬೆಳೆಯುವ ಸಣ್ಣ ಮೀನಿಗೆ ಬಯಲಾದ ಮರಳನ್ನು ದಾಟುವುದೆಂದರೆ ದೊಡ್ಡ ಮೀನಿನ ಬಾಯಿಗೆ ಬೀಳುವುದು. ಆದ್ದರಿಂದ ಅದು ತನ್ನ ಬಂಡೆಯನ್ನು ಬಿಟ್ಟು ಹೋಗುವುದಿಲ್ಲ. ಸಾವಿರಾರು ತಲೆಮಾರು ಹೀಗೆ ಕಳೆದರೆ ಈ ಬಂಡೆಯದು ಹಳದಿ, ಆ ಬಂಡೆಯದು ನೀಲಿ. ಸರೋವರದ ಮಟ್ಟವೂ ಒಂದೇ ಸಮ ನಿಂತದ್ದಲ್ಲ. ಭೀಕರ ಬರಗಾಲಗಳಲ್ಲಿ ಅದು ನೂರಾರು ಮೀಟರ್ ಕುಸಿದು ಮತ್ತೆ ತುಂಬಿದೆ. ಪ್ರತಿ ಸಲವೂ ಹಳೆಯ ಬಂಡೆಗಳು ಒಣಗಿ ಹೊಸವು ಮುಳುಗಿ, ದೂರವಾಗಿದ್ದ ಗುಂಪುಗಳು ಕೂಡಿ, ಕೂಡಿದ್ದವು ದೂರವಾದವು.

ಇದರ ಜತೆಗೆ ಹೆಣ್ಣಿನ ಆಯ್ಕೆ. ಯಾವ ಬಣ್ಣದ ಗಂಡನ್ನು ಒಪ್ಪಬೇಕು ಎಂಬುದನ್ನು ಹೆಣ್ಣು ನೋಡಿ ನಿರ್ಧರಿಸುತ್ತದೆ, ನೋಡಲು ತಿಳಿನೀರು ಬೇಕು. ವಿಕ್ಟೋರಿಯಾ ಸರೋವರದಲ್ಲಿ ಕೊಳೆ ಸೇರಿ ನೀರು ಮಬ್ಬಾದ ಕಡೆ ಬಣ್ಣದ ಗುರುತು ಸಿಗದೆ ಜಾತಿಗಳು ಬೆರೆತುಹೋಗುತ್ತಿರುವುದನ್ನು 1997ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹೊರಗೆ ಇಷ್ಟು ಭೇದ ಕಂಡರೂ ಒಳಗೆ ಇವು ತೀರ ಹತ್ತಿರ. ಮಲಾವಿಯ 73 ಜಾತಿಗಳ 134 ಮೀನುಗಳ ಪೂರ್ಣ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಎರಡು ಜಾತಿಗಳ ನಡುವಿನ ಸರಾಸರಿ ವ್ಯತ್ಯಾಸ ಶೇಕಡಾ 0.1ರಿಂದ 0.25 ಮಾತ್ರ. ಅಂದರೆ ಸಾವಿರ ಅಕ್ಷರಗಳಲ್ಲಿ ಒಂದೋ ಎರಡೋ ಬೇರೆ. ತೊಟ್ಟಿಯಲ್ಲಿ ಬೇರೆ ಬೇರೆ ಜಾತಿಗಳು ಸುಲಭವಾಗಿ ಕೂಡುವುದಕ್ಕೂ ಕಾರಣ ಇದೇ. ಆ ಮಾತು ಮುಂದೆ ಬರುತ್ತದೆ.

ಹಳದಿ ಮೀನಿಗೆ ನೀಲಿ ಹೆಸರು

ಇದರ ವೈಜ್ಞಾನಿಕ ಹೆಸರು ಲ್ಯಾಬಿಡೊಕ್ರೊಮಿಸ್ ಸೀರುಲಿಯಸ್. ಮೊದಲ ಪದದಲ್ಲಿರುವ ಗ್ರೀಕ್ ಮೂಲಕ್ಕೆ ಚಿಮುಟ ಎಂದರ್ಥ. ಬಾಯಿ ಚಿಕ್ಕದು, ಮುಂದಿನ ಹಲ್ಲು ಚೂಪು. ಬಂಡೆಯ ಸಂದಿಯಿಂದ ಹುಳುಮರಿಗಳನ್ನು ಚಿಮುಟದಲ್ಲಿ ಎತ್ತಿದಂತೆ ಎತ್ತುತ್ತದೆ. ಎರಡನೆಯ ಪದ ಲ್ಯಾಟಿನ್, ಅರ್ಥ ನೀಲಿ.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತಾಯಿತಲ್ಲ ಎನಿಸಬಹುದು. ಆದರೆ ಹೆಸರಿಟ್ಟವರದು ತಪ್ಪಲ್ಲ. 1956ರಲ್ಲಿ ಜೀವವಿಜ್ಞಾನಿ ಜೆಫ್ರಿ ಫ್ರೈಯರ್ ಈ ಜಾತಿಯನ್ನು ವಿವರಿಸಿದಾಗ ಅವರ ಮುಂದಿದ್ದುದು ನ್ಖಾಟಾ ಬೇ ಎಂಬಲ್ಲಿನ ಮೀನು. ಅಲ್ಲಿ ಇದೇ ಜಾತಿ ಬಿಳಿ, ತಿಳಿನೀಲಿ ಛಾಯೆಯಲ್ಲಿರುತ್ತದೆ. ನಿಂಬೆಹಣ್ಣಿನ ಹಳದಿ ಬಣ್ಣದ ಗುಂಪು ಇರುವುದು ವಾಯವ್ಯ ದಡದ ಲಯನ್ಸ್ ಕೋವ್ ಸುತ್ತಮುತ್ತಲ ಸಣ್ಣ ಪಟ್ಟಿಯಲ್ಲಿ. ಹವ್ಯಾಸಿಗಳ ಕಣ್ಣಿಗೆ ಅದು ಬಿದ್ದದ್ದು 1980ರ ದಶಕದಲ್ಲಿ. ಆಮೇಲೆ ಜಗತ್ತಿನ ತೊಟ್ಟಿಗಳೆಲ್ಲ ಹಳದಿಯಾದವು. ಹೆಸರಿನಲ್ಲಿದ್ದ ನೀಲಿ ಯಾರಿಗೂ ನೆನಪಿಲ್ಲ.

ಬಂಡೆಗಳಲ್ಲಿ ಬದುಕುವ ಇಂಥ ಮೀನುಗಳನ್ನೆಲ್ಲ ಒಟ್ಟಾಗಿ ‘ಮ್ಬುನಾ’ ಎನ್ನುತ್ತಾರೆ. ಇದು ಮಲಾವಿಯ ಟೊಂಗಾ ಜನರ ಮಾತು. ಈಗ ಅಂಗಡಿಯ ಫಲಕದ ಮೇಲೂ ಬಂದಿದೆ, ನಮ್ಮಲ್ಲಿ ‘ಬೂನಾ’ ಆಗಿ.

ಹಾಗಂತ ಶೆಟ್ಟರ ಮೀನು ಆಫ್ರಿಕಾದಿಂದ ಬಂದದ್ದಲ್ಲ. ಅಲಂಕಾರಿಕ ಮೀನು ಸಾಕಣೆಗೆ ನಮ್ಮ ದೇಶದಲ್ಲಿ ಕೋಲ್ಕತ್ತದ ಸುತ್ತಮುತ್ತಲ ಊರುಗಳೂ ಚೆನ್ನೈಯ ಕೊಳತ್ತೂರೂ ಹೆಸರುವಾಸಿ. ಅಂಗಡಿಯ ಎಲೆಕ್ಟ್ರಿಕ್ ಯೆಲ್ಲೊ ಎಂದರೆ ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿದ್ದು. ಸರೋವರವನ್ನು ಅದು ಕಂಡಿಲ್ಲ. ಅದರ ಮೈ ಮಾತ್ರ ಸರೋವರವನ್ನು ಮರೆತಿಲ್ಲ.

ಬಾಯಿ ಏಕೆ ಉಬ್ಬುತ್ತದೆ

ಕಟ್ಲ, ರೋಹು ಮೀನುಗಳು ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಹೊಳೆಗೆ ಬಿಡುತ್ತವೆ, ಉಳಿದದ್ದು ಉಳಿಯಲಿ ಎಂದು. ಬಂಡೆಯೂರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಪ್ರತಿ ಸಂದಿಯಲ್ಲೂ ಹಸಿದ ಬಾಯಿಗಳಿವೆ, ಬಿಟ್ಟ ಮೊಟ್ಟೆ ನಿಮಿಷವೂ ಉಳಿಯದು. ಹಾಗಾಗಿ ಈ ಮೀನು ಇಡುವುದು ಹತ್ತೋ ಇಪ್ಪತ್ತೋ ಮೊಟ್ಟೆ, ಒಂದೊಂದೂ ದಪ್ಪ, ಮರಿಗೆ ಬೇಕಾದ ಬುತ್ತಿ ತುಂಬಿಕೊಂಡಿದ್ದು. ಇಟ್ಟ ಕೂಡಲೇ ತಾಯಿ ಹಿಂತಿರುಗಿ ಅದನ್ನು ಬಾಯೊಳಗೆ ಎತ್ತಿಕೊಳ್ಳುತ್ತದೆ.

ಎಷ್ಟು ಬೇಗ ಎತ್ತಿಕೊಳ್ಳುತ್ತದೆ ಎಂದರೆ ಗಂಡು ಮೊಟ್ಟೆಯ ಹತ್ತಿರ ಬರುವುದಕ್ಕೂ ಸಮಯವಿರುವುದಿಲ್ಲ. ಮತ್ತೆ ಫಲಿಸುವುದು ಹೇಗೆ? ಗಂಡಿನ ಹೊಟ್ಟೆಯ ಕೆಳಗಿನ ಹಿಂಭಾಗದ ಈಜುರೆಕ್ಕೆಯ ಮೇಲೆ ದುಂಡನೆಯ ಹಳದಿ ಚುಕ್ಕೆಗಳಿರುತ್ತವೆ. ನೋಡಲು ಮೊಟ್ಟೆಗಳಂತೆಯೇ. ಗಂಡು ಆ ರೆಕ್ಕೆಯನ್ನು ನೆಲದ ಮೇಲೆ ಹರಡಿ ನಡುಗಿಸುತ್ತದೆ. ಹೆಣ್ಣು ಅಲ್ಲಿಗೆ ಬಾಯಿ ತರುತ್ತದೆ, ಬಿಟ್ಟ ಮೊಟ್ಟೆಯೊಂದನ್ನು ಎತ್ತಿಕೊಳ್ಳುವ ಹಾಗೆ. ಅದೇ ಗಳಿಗೆಯಲ್ಲಿ ಗಂಡು ವೀರ್ಯ ಬಿಡುತ್ತದೆ, ಬಾಯೊಳಗೇ ಮೊಟ್ಟೆಗಳು ಫಲಿಸುತ್ತವೆ. ಈ ಚುಕ್ಕೆಗಳು ಮೊಟ್ಟೆಯ ಅಣಕು ಎಂಬ ವಿವರಣೆಯನ್ನು 1962ರಲ್ಲಿ ಕೊಟ್ಟವರು ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್. ಆಮೇಲಿನ ಸಂಶೋಧಕರು ಇದರ ಬಗ್ಗೆ ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ಎಲ್ಲ ಜಾತಿಗಳಲ್ಲೂ ಚುಕ್ಕೆ ಅಷ್ಟೇ ಮುಖ್ಯವಲ್ಲ ಎಂಬುದೂ ಆ ಚರ್ಚೆಯಲ್ಲಿ ಬಂದಿದೆ.

ಅಲ್ಲಿಂದ ಮುಂದೆ ಮೂರರಿಂದ ನಾಲ್ಕು ವಾರ ತಾಯಿಗೆ ಉಪವಾಸ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಶೆಟ್ಟರು ಕಂಡ ಜಗಿಯುವ ಚಲನೆ ಜಗಿತವಲ್ಲ. ಮೊಟ್ಟೆಗಳನ್ನು ಹೊರಳಿಸಿ ಎಲ್ಲದಕ್ಕೂ ಹೊಸ ನೀರು, ಆಮ್ಲಜನಕ ತಾಗುವಂತೆ ನೋಡಿಕೊಳ್ಳುವ ಕೆಲಸ. ಮೊಟ್ಟೆಯೊಡೆದು ಮರಿಯಾದ ಮೇಲೂ ಹೊಟ್ಟೆಗೆ ಅಂಟಿದ ಬುತ್ತಿಚೀಲ ಕರಗುವವರೆಗೆ ಒಳಗೇ ಇರುತ್ತವೆ. ಹೊರಗೆ ಬರುವಾಗ ತಾವೇ ಈಜಿ, ತಾವೇ ತಿನ್ನುವಷ್ಟು ಗಟ್ಟಿಯಾಗಿರುತ್ತವೆ.

ಇದನ್ನು ಕಾಯಿಲೆ ಎಂದು ತಿಳಿಯುವುದು ಸಹಜ. ಇವುಗಳಿಗೆ ಊದಿಕೊಳ್ಳುವ ಕಾಯಿಲೆಯೂ ನಿಜವಾಗಿ ಇದೆ, ಮಲಾವಿ ಬ್ಲೋಟ್ ಎನ್ನುತ್ತಾರೆ. ಅದರಲ್ಲಿ ಉಬ್ಬುವುದು ಹೊಟ್ಟೆ. ಬಿಳಿ ದಾರದಂತಹ ಮಲ ಜೋತಾಡುತ್ತದೆ, ಉಸಿರು ಬಿರುಸಾಗುತ್ತದೆ. ಮರಿ ಹೊತ್ತ ಮೀನಿನಲ್ಲಿ ಉಬ್ಬುವುದು ಗಂಟಲು, ಹೊಟ್ಟೆಯಾದರೋ ದಿನದಿನಕ್ಕೆ ಒಳಸರಿಯುತ್ತದೆ. ಟಾರ್ಚ್ ಹಿಡಿದು ಎಲ್ಲಿ ಉಬ್ಬಿದೆ ಎಂದು ನೋಡದೆ ಬಾಟಲಿಯ ಬಿರಡೆ ತೆಗೆಯಬಾರದು. ಆ ನೀಲಿ ಔಷಧ ಮೆಥಿಲೀನ್ ಬ್ಲೂ. ತೊಟ್ಟಿಗೆ ಸುರಿದರೆ ಮೀನಿಗಿಂತ ಮೊದಲು ತೊಂದರೆಯಾಗುವುದು ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ. ಆ ಬ್ಯಾಕ್ಟೀರಿಯಾದ ಕೆಲಸವೇನೆಂದು ತಿಳಿಯಲು ನೀರಿನ ವಿಷಯಕ್ಕೆ ಬರಬೇಕು.

ಏಳು ಕೆರೆಯ ನೀರು, ಮಲಾವಿಯ ನೀರು

ಬೆಂಗಳೂರಿನ ಬೋರ್‌ವೆಲ್ ನೀರಿಗೆ ಒಗ್ಗಿದ ನೆಂಟರು ನಮ್ಮ ಮನೆಗೆ ಬಂದಾಗಲೆಲ್ಲ ಒಂದೇ ದೂರು: ಮುಂಬಯಿಯಲ್ಲಿ ಎಷ್ಟು ತೊಳೆದರೂ ಸಾಬೂನು ಹೋಗುವುದಿಲ್ಲ, ಮೈ ಜಾರುತ್ತಲೇ ಇರುತ್ತದೆ. ಇದೇ ಮೆದುನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ ಇದ್ದರೆ ಸಾಬೂನು ನೊರೆಗರೆಯುತ್ತದೆ, ಬೇಳೆ ಬೇಗ ಬೇಯುತ್ತದೆ. ತುಳಸಿ, ವಿಹಾರ, ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ಮೇಲಿನ ಮತ್ತು ಮಧ್ಯ ವೈತರಣಾ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳು ಮಟ್ಟ ಎಷ್ಟಾಯಿತೆಂದು ಬರೆಯುವ ಈ ಏಳು ಕೆರೆಗಳು ಮಳೆಯನ್ನು ಕರಿಗಲ್ಲಿನ ಬೆಟ್ಟಗಳಿಂದ ಹಿಡಿಯುತ್ತವೆ. ಆ ಕಲ್ಲು ನೀರಿಗೆ ಹೆಚ್ಚು ಸುಣ್ಣದಂಶ ಬಿಟ್ಟುಕೊಡುವುದಿಲ್ಲ.

ಮಲಾವಿಯ ನೀರು ತುಸು ಕ್ಷಾರ. ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂದು ಅಳೆಯುವ ಪಿಎಚ್ ಮಾಪಕದಲ್ಲಿ 7 ಎಂದರೆ ನಡುವೆ. ಮಲಾವಿಯ ಮೇಲ್ನೀರು ಸುಮಾರು 7.8ರಿಂದ 8.6. ಅದಕ್ಕಿಂತ ಮುಖ್ಯವಾದದ್ದು, ಅಷ್ಟು ದೊಡ್ಡ ಸರೋವರದ ನೀರು ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾಗುವುದಿಲ್ಲ. ತೊಟ್ಟಿಯ ನೀರು ಬದಲಾಗುತ್ತದೆ. ಮೀನಿನ ಕಸ ಕೊಳೆಯುತ್ತಾ ಹುಳಿ ಹುಟ್ಟಿಸುತ್ತದೆ. ಮೆದುನೀರಿನಲ್ಲಿ ಅದನ್ನು ತಡೆಯುವ ಕಾರ್ಬೊನೇಟುಗಳು ಕಡಿಮೆ, ಒಂದು ದಿನ ಪಿಎಚ್ ಧಡಕ್ಕನೆ ಕುಸಿಯಬಹುದು.

ಇದಕ್ಕೆ ಪರಿಹಾರ ನಮ್ಮವರ ಅಡುಗೆಮನೆಯಲ್ಲೇ ಇದೆ. ಮಂಗಳೂರಿನ ಕಡೆಯವರು ಮರುವಾಯಿ, ಕಾರವಾರದ ಕಡೆಯವರು ಬೆಳಚು, ಮರಾಠಿಯವರು ತಿಸರ್ಯಾ ಎನ್ನುವ ಚಿಪ್ಪುಮೀನಿನ ಖಾಲಿ ಚಿಪ್ಪುಗಳನ್ನು ಮಸಾಲೆಯ ಸುಳಿವೂ ಇಲ್ಲದಂತೆ ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ, ಪುಡಿಗಟ್ಟಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟರೆ ಸಾಕು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಷ್ಟೂ ಹೆಚ್ಚು ಕರಗುತ್ತದೆ, ಕ್ಷಾರದ ಕಡೆಗೆ ತಿರುಗಿದಂತೆ ಕರಗುವುದು ನಿಧಾನವಾಗುತ್ತದೆ. ಅಳತೆ ತಪ್ಪುವ ಭಯವಿಲ್ಲ. ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಹವಳದ ಚೂರು ಮಾರುವುದುಂಟು. ಕಲ್ಲುಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದನ್ನು ಕೊಳ್ಳದಿರುವುದೇ ಮೇಲು.

ಒಂದು ಎಚ್ಚರಿಕೆ. ಚಿಪ್ಪು ಬೇರೆ, ಎಲೆಗೆ ಹಚ್ಚುವ ಸುಣ್ಣ ಬೇರೆ. ಚಿಪ್ಪನ್ನು ಸುಟ್ಟು ನೀರೆರೆದರೆ ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅದನ್ನು ತೊಟ್ಟಿಗೆ ಹಾಕಿದರೆ ಪಿಎಚ್ ಒಮ್ಮೆಗೇ ಏರಿ ಮೀನುಗಳು ಸಾಯುತ್ತವೆ. “ಎರಡೂ ಸುಣ್ಣವೇ ಅಲ್ಲವೇ?” ಎಂದು ಶೆಟ್ಟರೇ ಕೇಳಿದ್ದರಿಂದ ಇದನ್ನು ಬರೆಯಬೇಕಾಯಿತು.

ಇನ್ನು ಬ್ಯಾಕ್ಟೀರಿಯಾ. ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯಾ ಹೊರಬರುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳಿರುವುದಿಲ್ಲ. ರುಬ್ಬಿದ ಕೂಡಲೇ ಇಡ್ಲಿ ಬೇಯಿಸಲು ಆಗದಲ್ಲ, ಹಿಟ್ಟು ಹುಳಿಬರಲು ಒಂದು ರಾತ್ರಿ ಕಾಯಬೇಕು. ತೊಟ್ಟಿಗೆ ಬೇಕಾದದ್ದು ನಾಲ್ಕರಿಂದ ಆರು ವಾರ. ಅಂಗಡಿಯವನು ತೊಟ್ಟಿ, ಮೀನು ಎರಡನ್ನೂ ಒಂದೇ ಟೆಂಪೊದಲ್ಲಿ ಕಳಿಸಿದರೆ ಆ ಕಾಯುವಿಕೆ ತಪ್ಪುತ್ತದೆ. ಮೊದಲ ತಿಂಗಳಲ್ಲಿ ಮೀನು ಸಾಯುವುದಕ್ಕೆ ದೃಷ್ಟಿಯಾಗಲಿ ವಾಸ್ತುವಾಗಲಿ ಕಾರಣವಲ್ಲ.

ಆಫ್ರಿಕದ ಮೀನುಗಳ ತೊಟ್ಟಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ನೀರಿನ ಅಮೋನಿಯಾಕ್ಕೆ ಎರಡು ರೂಪ, ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮೀನಿಗೆ ಹಿತವಾದ ಕ್ಷಾರವೇ ಕೊಳೆಯ ವಿಷವನ್ನೂ ಹರಿತಗೊಳಿಸುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು ಎನ್ನುವುದು ಇದಕ್ಕೇ. ಹೊಸ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಇಲ್ಲವೇ ಬಕೆಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಬೇಕು.

ನನ್ನನ್ನು ಕೇಳಿದರೆ, ಅಂಕಿಗಳ ಹಿಂದೆ ಬೀಳಬೇಕಿಲ್ಲ. ಕೊಳತ್ತೂರಿನಲ್ಲಿ ಹುಟ್ಟಿದ ಮೀನು 7.6ರಲ್ಲೂ ಸುಖವಾಗಿರುತ್ತದೆ. ಇಂದು 7.6, ನಾಳೆ 8.4, ನಾಡಿದ್ದು 7 ಎಂದು ಕುಣಿಸಿದರೆ ಮಾತ್ರ ತಾಳಲಾರದು.

ಜಗಳಗಂಟರೇ ಇವು?

ಪಾಚಿಯಿರುವ ಒಂದು ಬಂಡೆ, ಒಂದು ಸಂದಿ, ಅದರ ಸುತ್ತ ಅರ್ಧ ಮೀಟರ್. ಗಂಡು ಮೀನಿಗೆ ಅದೇ ಆಸ್ತಿ. ಅದನ್ನು ಕಾಯುವುದು ಅದರ ಬದುಕು. ಸರೋವರದಲ್ಲಿ ಸೋತವನು ಓಡಿಹೋಗಬಹುದು, ತೊಟ್ಟಿಯಲ್ಲಿ ನಾಲ್ಕು ಅಡಿಗೆ ಗಾಜು. ಹೀಗಾಗಿ ಸೋತ ಮೀನು ಹರಿದ ರೆಕ್ಕೆಯೊಂದಿಗೆ ಮೇಲ್ಮೂಲೆಯಲ್ಲಿ ನೇತಾಡುತ್ತಾ ಕೊನೆಗೆ ಸಾಯುತ್ತದೆ. ಎಲೆಕ್ಟ್ರಿಕ್ ಯೆಲ್ಲೊ ಈ ಬಳಗದಲ್ಲಿ ಸಾಧು ಸ್ವಭಾವದ್ದು ಎಂಬುದು ನಿಜ. ಆದರೆ ಸಾಧು ಎನ್ನುವುದು ಆ ಬಳಗದ ಲೆಕ್ಕದಲ್ಲಿ.

ಹಳಬರು ಹೇಳುವ ಉಪಾಯ ಮೊದಲ ಸಲ ಕೇಳಿದರೆ ವಿಚಿತ್ರ: ಮೀನು ಕಡಿಮೆ ಮಾಡಬೇಡಿ, ಹೆಚ್ಚು ಮಾಡಿ. ಬೆಳಗಿನ ಎಂಟರ ಫಾಸ್ಟ್ ಲೋಕಲ್ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಧ್ಯಾಹ್ನದ ಖಾಲಿ ಡಬ್ಬಿಯಲ್ಲಿ ಕಿಟಕಿಯ ಸೀಟಿಗೆ ಇಬ್ಬರು ಕಿತ್ತಾಡುತ್ತಾರೆ. ಬೆಳಗಿನ ಗರ್ದಿಯಲ್ಲಿ ಯಾರಿಗೂ ಯಾವ ಜಾಗವೂ ಸ್ವಂತವಲ್ಲ, ಯಾರನ್ನೆಂದು ತಳ್ಳುವುದು? ಮೂರು ಮೀನಿದ್ದರೆ ಬಲಶಾಲಿ ಒಂದನ್ನೇ ಗುರಿಮಾಡಿ ಕೊಲ್ಲುತ್ತದೆ, ಹತ್ತಿದ್ದರೆ ಸಿಟ್ಟು ಹಂಚಿಹೋಗುತ್ತದೆ. ಗಂಡು ಒಂದಕ್ಕೆ ಹೆಣ್ಣು ಮೂರು ಇರಲಿ. ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಕಲ್ಲು ಜೋಡಿಸಿರಲಿ. ಕಲ್ಲನ್ನು ಗಾಜಿನ ತಳದ ಮೇಲೇ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹಾಕಿ. ಮರಳಿನ ಮೇಲಿಟ್ಟ ಕಲ್ಲಿನ ಬುಡವನ್ನು ಇವು ಅಗೆದು ಉರುಳಿಸುತ್ತವೆ. ಹೆಚ್ಚು ಮೀನು ಎಂದರೆ ಹೆಚ್ಚು ಕೊಳೆ, ದೊಡ್ಡ ಫಿಲ್ಟರ್ ಬೇಕು ಎಂಬುದೂ ಇದರ ಜತೆಗೇ ಬರುವ ಖರ್ಚು. 200 ಲೀಟರಿನ ತೊಟ್ಟಿ ಕಲ್ಲು ಗಾಜು ಸೇರಿ ಮುನ್ನೂರು ಕಿಲೋದ ಹತ್ತಿರ ತೂಗುತ್ತದೆ. ಹಳೆಯ ಕಟ್ಟಡದ ಬಾಲ್ಕನಿಯಲ್ಲಿ ಇಡುವ ಮಾತೇ ಬೇಡ.

ಬಣ್ಣ ಚೆಂದವಿದೆಯೆಂದು ಕಿತ್ತಳೆ ಬಣ್ಣದ ರೆಡ್ ಜೀಬ್ರಾ ಎಂಬ ಇನ್ನೊಂದು ಮಲಾವಿ ಮೀನನ್ನು ಜತೆಗೆ ಬಿಟ್ಟರೆ ಎರಡೂ ಕೂಡಿ ಬೆರಕೆ ಮರಿಗಳಾಗುತ್ತವೆ. ಮೇಲೆ ಹೇಳಿದ ಜೀನೋಮಿನ ಹತ್ತಿರದ ನಂಟು ಇಲ್ಲಿ ಕೆಲಸ ಮಾಡುತ್ತದೆ. ಅಂಗಡಿಯ ‘ಮಿಕ್ಸ್ ಆಫ್ರಿಕನ್’ ತೊಟ್ಟಿಯ ಎಷ್ಟೋ ಹಳದಿ ಮೀನುಗಳು ಹೀಗೆ ಹುಟ್ಟಿದವು. ಅಪ್ಪಟ ಮೀನಿನಲ್ಲಿ ಬೆನ್ನಿನ ರೆಕ್ಕೆಯುದ್ದಕ್ಕೂ ಅಚ್ಚುಕಟ್ಟಾದ ಕಪ್ಪು ಪಟ್ಟಿ ಇರುತ್ತದೆ. ಮೈ ಹಳದಿಯಲ್ಲಿ ಕಿತ್ತಳೆಯ ಛಾಯೆಯೋ ಅಡ್ಡಪಟ್ಟೆಯೋ ಕಂಡರೆ ಅನುಮಾನಿಸಬೇಕು. ಬೆರಕೆಯಾದರೂ ಸಾಕಲು ಅಡ್ಡಿಯಿಲ್ಲ, ಅಪ್ಪಟವೆಂದು ಹೇಳಿ ಇನ್ನೊಬ್ಬರಿಗೆ ಕೊಡಬಾರದು ಅಷ್ಟೇ. ಹೆಚ್ಚಾದವನ್ನು ಪೊವಾಯಿ ಕೆರೆಗೆ ಬಿಟ್ಟು ಬರುವುದಂತೂ ಬೇಡವೇ ಬೇಡ. ಜಿಲೇಬಿ ಮೀನು ನಮ್ಮ ಕೆರೆಗಳಲ್ಲಿ ಏನು ಮಾಡಿತೆಂದು ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ.

ಇಪ್ಪತ್ಮೂರನೆಯ ದಿನ

ಶೆಟ್ಟರು ತಾಯಿಮೀನನ್ನು ಬೇರೆ ಸಣ್ಣ ತೊಟ್ಟಿಗೆ ಹಾಕಿದರು. ಹಿಡಿಯುವಾಗ ಗಾಬರಿಯಾದರೆ ಮರಿಗಳನ್ನು ಉಗುಳಿಬಿಡುತ್ತದೆ, ಆದ್ದರಿಂದ ದೀಪ ಆರಿಸಿ, ಬಲೆಯ ಬದಲು ಅಗಲವಾದ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿದೆವು. ಉಬ್ಬು ಕಂಡ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ಮೂರನೆಯ ದಿನ ಸಂಜೆ ಅದು ಬಾಯಿ ತೆರೆಯಿತು. ಮೊದಲು ಒಂದು ಮರಿ ಇಣುಕಿ ಒಳಗೆ ಹೋಯಿತು. ಆಮೇಲೆ ಎರಡು, ಆಮೇಲೆ ಒಮ್ಮೆಗೇ ಎಲ್ಲವೂ. ಸೋನಾಮಸೂರಿ ಅಕ್ಕಿಕಾಳಿಗಿಂತ ತುಸು ಉದ್ದ, ಮಸುಕು ಹಳದಿ, ಕಣ್ಣೇ ದೊಡ್ಡದು. ಮೊಮ್ಮಗಳು ಮೂರು ಸಲ ಎಣಿಸಿದಳು. ಹನ್ನೆರಡು. ತಾಯಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮರುದಿನ ಬೆಳಿಗ್ಗೆ ಹಾಕಿದ ಮೊದಲ ಕಾಳನ್ನು ನುಂಗಲಿಲ್ಲ, ಬಾಯೊಳಗೆ ಹೊರಳಿಸಿ ಉಗುಳಿತು. ಮೂರು ವಾರದ ಅಭ್ಯಾಸ. ಎರಡನೆಯದನ್ನು ನುಂಗಿತು.

ಆ ವಾರವೇ ಶೆಟ್ಟರ ಮನೆಯವರೆಲ್ಲ ಊರಿಗೆ ಹೊರಟಿದ್ದರು, ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ. ಮೀನಿನ ಹೆಸರಿನ ರೈಲಿನಲ್ಲಿ ಕುಳಿತು ಮೀನಿನ ಚಿಂತೆ ಮಾಡುವುದು ಮುಂಬಯಿಯ ನಮ್ಮ ಜನರಿಗೆ ಮಾತ್ರ ಬರುವ ಭಾಗ್ಯ. ದೊಡ್ಡ ಮೀನುಗಳು ಒಂದು ವಾರ ಏನೂ ತಿನ್ನದೆ ಆರಾಮವಾಗಿರುತ್ತವೆ. ಪಾಪ ಹಸಿದಿವೆ ಎಂದು ಪಕ್ಕದ ಮನೆಯವರು ಹಿಡಿಗಟ್ಟಲೆ ಸುರಿಯುವುದೇ ಅಪಾಯ, ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ಮರಿಗಳಿಗೆ ಮಾತ್ರ ದಿನಕ್ಕೆ ಎರಡು ಸಲ, ಪುಡಿಮಾಡಿದ ಕಾಳು ಚಿಟಿಕೆಯಷ್ಟು ಬೇಕು.

ಹೊರಡುವ ಮುನ್ನ ಅವರ ಮನೆಯಾಕೆ ಮೇಲೆ ಬಂದು ಕೀಲಿಕೈ ಕೊಟ್ಟರು. ಜತೆಗೆ ಸ್ಟೀಲ್ ಡಬ್ಬಿಯಲ್ಲಿ ಕಾಗದದ ಇಪ್ಪತ್ತು ಸಣ್ಣ ಪೊಟ್ಟಣಗಳು, ಪ್ರತಿಯೊಂದರ ಮೇಲೂ ತಾರೀಖು, ಬೆಳಿಗ್ಗೆ, ಸಂಜೆ ಎಂದು ಪೆನ್ಸಿಲಿನಲ್ಲಿ ಬರೆದದ್ದು. “ಅಣ್ಣಾ, ಇದಕ್ಕಿಂತ ಒಂದು ಚಿಟಿಕೆಯೂ ಹೆಚ್ಚು ಹಾಕಬೇಡಿ” ಎಂದರು.